ಕಾಯಿಸಿದ ನೀರು, ಕ್ಯಾಂಡಲ್ ಫಿಲ್ಟರ್, ತಾಮ್ರದ ಕೊಡ: ನಮ್ಮ ಮನೆಯ ಪರೀಕ್ಷೆ

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಬಂದಾಗ ಬ್ಯಾರಲ್, ಹಂಡೆ, ಕೊಡ, ಕೊನೆಗೆ ಚರಗಿಯನ್ನೂ ತುಂಬಿಸಿಡಬೇಕು. ಈ ಮಳೆಗಾಲದಲ್ಲಿ ಮಗನ ಹೊಟ್ಟೆ ಎರಡು ಸಲ ಕೆಟ್ಟ ಮೇಲೆ ಎಚ್‌ಟುಎಸ್ ಅನ್ನುವ, ನೀರು ಪರೀಕ್ಷಿಸುವ ಬಾಟಲಿಗಳನ್ನು ತಂದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಕಡೆ ಇಡಬೇಕು. ಮಲದಿಂದ ಬಂದ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಎಷ್ಟಿವೆ ಅಂತ ಹೇಳಲ್ಲ, ವೈರಸ್ಸನ್ನಂತೂ ಹಿಡಿಯಲ್ಲ.

ನಳ ಬಿಟ್ಟಾಗ ಮೊದಲು ಬರುವ ಕೆಂಪು ನೀರು ಕಪ್ಪಾಯಿತು, ಹತ್ತು ನಿಮಿಷ ಬಿಟ್ಟು ಹಿಡಿದದ್ದು ಆಗಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ ಬಿಡಿ. ಪೈಪು ದಿನಗಟ್ಟಲೆ ಖಾಲಿ ಇದ್ದಾಗ ಒಡಕುಗಳಿಂದ ಗಟಾರದ ನೀರು ಒಳಗೆ ಜಿನುಗುತ್ತದೆ.

ಕ್ಯಾಂಡಲ್ ಫಿಲ್ಟರ್ ನೀರು ಮೊದಲೆರಡು ವಾರ ತಿಳಿಯಾಗೇ ಇತ್ತು. ಮೂರನೇ ವಾರ ತಿಕ್ಕುವುದನ್ನು ಮರೆತೆ. ಕ್ಯಾಂಡಲ್ ಮೇಲೆ ಲೋಳೆ ಕಟ್ಟಿತ್ತು, ಬಾಟಲಿ ಕಪ್ಪು! ಇನ್ನೊಂದು ಮಾತು, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಟ್ಟು ಸಣ್ಣದು, ಆ ರಂಧ್ರಗಳಲ್ಲಿ ಸುಮ್ನೆ ನುಸುಳಿ ಹೋಗಬಹುದು.

ತಾಮ್ರದ ಕೊಡ ಅವ್ವನ ಪಕ್ಷ. ರಾತ್ರಿಯಿಡೀ ಇಟ್ಟ ನೀರು ಪಾಸಾಯಿತು, ನಾಲ್ಕು ತಾಸು ಇಟ್ಟದ್ದು ಫೇಲು. ತಾಮ್ರಕ್ಕೆ ಸಮಯ ಬೇಕು. ಬೇಸಿಗೆಯಲ್ಲಿ ನೆಂಟರು ಬಂದರೆ ಅಷ್ಟು ಹೊತ್ತು ಯಾರು ಕಾಯುತ್ತಾರೆ, ಹೇಳಿ.

ಕಾಯಿಸಿದ್ದೇ ನನ್ನ ಆಯ್ಕೆ. ಕುದಿ ಬಂದ ಮೇಲೆ ಒಂದು ನಿಮಿಷ ಕೊತಕೊತ ಕುದಿಸಿದರೆ ಬ್ಯಾಕ್ಟೀರಿಯಾ, ವೈರಸ್, ಭೇದಿ ತರುವ ಜಿಯಾರ್ಡಿಯಾ ಅನ್ನೋ ಪರಾವಲಂಬಿ ಎಲ್ಲ ಮುಗಿದ ಹಾಗೆ. ಗ್ಯಾಸ್ ಜಾಸ್ತಿ ಉರಿಯುತ್ತದೆ, ರುಚಿ ಸಪ್ಪೆ, ಒಪ್ಪುತ್ತೇನೆ. ಆದರೆ ಎರಡನೇ ದಿನ ಅದೇ ಪಾತ್ರೆಯ ನೀರು ಹಾಕಿದ ಬಾಟಲಿಯೂ ಕಪ್ಪಾದಾಗ ತಲೆ ಕೆಟ್ಟಿತು. ಕುದಿಸಿದ್ದು ನಾನೇ, ಮುಚ್ಚಿಟ್ಟದ್ದೂ ನಾನೇ. ಆಮೇಲೆ ನೋಡಿದೆ: ಆಟ ಆಡಿ ಬಂದ ಮಗ ಮುಚ್ಚಳ ತೆಗೆದು, ಲೋಟದ ಜೊತೆ ನಾಲ್ಕೂ ಬೆರಳು ಅದ್ದುತ್ತಿದ್ದ. ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೊಸದಾಗಿ ಬಿದ್ದದ್ದನ್ನು ಕೊಲ್ಲುವವರಿಲ್ಲ. ಅಲ್ವಾ?

ಈಗ ಕಾಯಿಸಿದ್ದು ನೇರ ನಳ ಇರುವ ಸ್ಟೀಲ್ ಡ್ರಮ್ಮಿಗೆ. ಅದರ ಬಾಟಲಿ ಮೂರು ದಿನವಾದರೂ ಕಪ್ಪಾಗಲಿಲ್ಲ. ತಾಮ್ರದ ಕೊಡದ ಪಕ್ಕ ಉದ್ದ ಹಿಡಿಕೆಯ ಸೌಟು ತೂಗುಹಾಕಿದ್ದೇನೆ. ಅವ್ವ ಮಾತ್ರ ಇನ್ನೂ ಲೋಟಾನೇ ಅದ್ದುತ್ತಾಳೆ.