ಸ್ಪಂಜ್, ನೇತುಹಾಕುವ ಪೆಟ್ಟಿಗೆ, ಕ್ಯಾನಿಸ್ಟರ್: ಯಾವ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಉಳಿಯುತ್ತವೆ?

ಅಕ್ವೇರಿಯಂ ಫಿಲ್ಟರ್ ಕೊಳ್ಳಲು ಹೋದರೆ, ಅದು ಗಂಟೆಗೆ ಎಷ್ಟು ಲೀಟರ್ ನೀರು ಹಾಯಿಸುತ್ತದೆ ಎಂಬುದನ್ನೇ ಅಂಗಡಿಯವರು ಮೊದಲು ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ ಪ್ರಶ್ನೆ. ಕರೆಂಟು ಹೋಗಿ ಮೋಟಾರು ನಿಂತಾಗ, ಕೊಳೆ ತುಂಬಿದ ಸ್ಪಂಜನ್ನು ತೊಳೆದಾಗ, ಮೀನಿಗೆ ಔಷಧಿ ಹಾಕಿದಾಗ ಅದರೊಳಗಿನ ಬ್ಯಾಕ್ಟೀರಿಯಾಗಳ ಗತಿ ಏನು? ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಬಗೆಯ ಫಿಲ್ಟರ್‌ಗಳು ಬೇರೆ ಬೇರೆ ತೊಟ್ಟಿಗಳಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿವೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಿಂದ ಅಮೋನಿಯಾ ಮತ್ತು ನೈಟ್ರೈಟ್ ಅಳೆಯುತ್ತಾ ಬಂದಿದ್ದೇನೆ. ಈ ಹೋಲಿಕೆ ಆ ಅನುಭವದ್ದು.

ಮೀನು ತನಗೇ ವಿಷವಾಗುವ ಅಮೋನಿಯಾವನ್ನು ಕಿವಿರುಗಳ ಮೂಲಕ ಹೊರಬಿಡುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೋಸ್ಪೈರಾದಂಥ ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದು ಎಂಬುದು 2015ರಲ್ಲಿ ಗೊತ್ತಾಯಿತು. ಇವು ನೀರಿನಲ್ಲಿ ತೇಲುತ್ತಿರುವುದಿಲ್ಲ; ಸ್ಪಂಜು, ಸೆರಾಮಿಕ್ ಉಂಗುರ, ಜಲ್ಲಿಕಲ್ಲುಗಳ ಮೈಗೆ ತೆಳುವಾದ ಲೋಳೆಯಾಗಿ ಅಂಟಿಕೊಂಡಿರುತ್ತವೆ. ಆದ್ದರಿಂದ ಕ್ಲೋರಿನ್ ತೆಗೆದ ನೀರಿನಿಂದ ತೊಟ್ಟಿಯ ಅರ್ಧ ನೀರನ್ನು ಬದಲಿಸಿದರೂ ಅವುಗಳಿಗೆ ನಷ್ಟವಿಲ್ಲ, ಹಳೆಯ ಸ್ಪಂಜನ್ನು ಎಸೆದರೆ ದೊಡ್ಡ ನಷ್ಟ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯಲ್ಲಿ ಇಮ್ಮಡಿಯಾಗಬಲ್ಲವು. ಇವಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಬೇಕು. ಕಳೆದುಕೊಂಡದ್ದು ಮರಳಿ ಬೆಳೆಯಲು ವಾರಗಳೇ ಹಿಡಿಯುವುದು ಅದಕ್ಕಾಗಿ.

ಇನ್ನೊಂದು ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು ಎಂಬುದು ನನ್ನ ಆಸೆ. ಅಮೋನಿಯಾದಲ್ಲಿರುವ 1 ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.5 ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹಿಡಿದಿಡುವುದು ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ. ಬೆಂಗಳೂರಿನ ಎತ್ತರದಲ್ಲಿ ಇನ್ನೂ ತುಸು ಕಡಿಮೆ. ಅಂದರೆ ನೀರಿನ ಹರಿವು ನಿಂತ ಕೂಡಲೇ ಈ ಜೀವಿಗಳಿಗೆ ಉಸಿರು ಕಟ್ಟಲು ಶುರುವಾಗುತ್ತದೆ. ಮೂರು ಫಿಲ್ಟರ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಇಲ್ಲಿಯೇ.

ಕ್ಯಾನಿಸ್ಟರ್ ಫಿಲ್ಟರ್ ನೋಡಲು ಬಲು ಚಂದ. ಕ್ಯಾಬಿನೆಟ್ಟಿನೊಳಗೆ ಸದ್ದಿಲ್ಲದೆ ಕೂರುತ್ತದೆ, ಬುಟ್ಟಿಗಳ ತುಂಬ ಉಂಗುರಗಳನ್ನು ಹಾಕಬಹುದು, ನೀರು ಹರಳಿನಂತೆ ತಿಳಿಯಾಗುತ್ತದೆ. ಆದರೆ ಅದು ಗಾಳಿಯಾಡದ ಮುಚ್ಚಿದ ಡಬ್ಬಿ. ಪಂಪು ನಿಂತಾಗ ಒಳಗೆ ಸಿಕ್ಕಿಕೊಂಡ ಕೆಲವೇ ಲೀಟರ್ ನೀರಿನಲ್ಲಿ ತೊಟ್ಟಿಯ ಬಹುಪಾಲು ಬ್ಯಾಕ್ಟೀರಿಯಾಗಳೂ ಮೀನಿನ ಮಲವೂ ಒಟ್ಟಿಗೆ ಇರುತ್ತವೆ. ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾಗಳೇ ಮೊದಲು ಆಮ್ಲಜನಕವನ್ನು ಹೀರಿ ಮುಗಿಸುತ್ತವೆ. ನಮಗೆ ಬೇಕಾದ ಜೀವಿಗಳು ತಕ್ಷಣ ಸಾಯುವುದಿಲ್ಲ, ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. ನಿಜವಾದ ಅಪಾಯ ಬರುವುದು ಕರೆಂಟು ಮರಳಿದಾಗ. ಬಹಳ ಹೊತ್ತು ನಿಂತ ಕ್ಯಾನಿಸ್ಟರಿನ ಮುಚ್ಚಳ ತೆರೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ; ಮುಚ್ಚಳ ತೆರೆಯದೆ ಹಾಗೆಯೇ ಬಿಟ್ಟರೆ ಆ ನೀರೆಲ್ಲ ಒಂದೇ ಸಲ ಮೀನುಗಳ ಮೇಲೆ ಬೀಳುತ್ತದೆ. ಹಾಗಾಗಿ ಕರೆಂಟು ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ಬಾರದಿದ್ದರೆ ನಾನು ಕಾಯುವುದಿಲ್ಲ. ವಾಲ್ವ್ ಮುಚ್ಚಿ, ಬುಟ್ಟಿಗಳನ್ನು ಹೊರತೆಗೆದು, ತೊಟ್ಟಿಯ ನೀರಿರುವ ಬಕೆಟ್ಟಿನಲ್ಲಿಟ್ಟು ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಹಾಕುತ್ತೇನೆ. ಡಬ್ಬಿಯಲ್ಲಿ ಉಳಿದ ನೀರು ಹೂಗಿಡಗಳಿಗೆ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಇದು ಐದು ನಿಮಿಷದ ಕೆಲಸ, ಆದರೆ ಎಲ್ಲರೂ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ಮಾಡುವವರು ಯಾರು?

ತೊಟ್ಟಿಯ ಅಂಚಿಗೆ ನೇತುಹಾಕುವ ಪೆಟ್ಟಿಗೆ ಈ ವಿಷಯದಲ್ಲಿ ಹೆಚ್ಚು ಸಹನೆಯುಳ್ಳದ್ದು. ಅದರ ಮೇಲ್ಭಾಗ ತೆರೆದಿರುವುದರಿಂದ, ಹರಿವು ನಿಂತರೂ ಸ್ಪಂಜು ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ ಒದ್ದೆಯಾಗಿಯೇ ಇರುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಕರೆಂಟು ಇಲ್ಲದ ದಿನಗಳ ಮಾರನೆಯ ಬೆಳಿಗ್ಗೆಯೂ ಆ ತೊಟ್ಟಿಯಲ್ಲಿ ಅಮೋನಿಯಾ ಸೊನ್ನೆಯೇ ಇತ್ತು. ಇದರ ದೌರ್ಬಲ್ಯ ಬೇರೆ ಕಡೆ ಇದೆ. ತೊಟ್ಟಿಯ ನೀರು ಆವಿಯಾಗಿ ಮಟ್ಟ ಇಳಿದಿದ್ದರೆ, ಕರೆಂಟು ಬಂದಾಗ ಮೋಟಾರು ಗುಂಯ್‌ಗುಡುತ್ತದೆಯೇ ಹೊರತು ನೀರು ಮೇಲೇರುವುದಿಲ್ಲ. ಯಾರಾದರೂ ಒಂದು ಚೊಂಬು ನೀರು ಹೊಯ್ದು ಚಾಲೂ ಮಾಡಬೇಕು. ಜೊತೆಗೆ ಕೊಡುವ ಇದ್ದಿಲಿನ ಕಾರ್ಟ್ರಿಡ್ಜನ್ನು ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಿ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ತಿಂಗಳೆಲ್ಲ ಬೆಳೆದ ಬ್ಯಾಕ್ಟೀರಿಯಾಗಳನ್ನು ಕಸದ ಬುಟ್ಟಿಗೆ ಹಾಕಿದಂತಾಗುತ್ತದೆ. ಆ ಜಾಗಕ್ಕೆ ಒರಟು ಸ್ಪಂಜಿನ ತುಂಡು ಕತ್ತರಿಸಿ ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ.

ಏರ್ ಪಂಪಿನಿಂದ ನಡೆಯುವ ಸಾಧಾರಣ ಸ್ಪಂಜ್ ಫಿಲ್ಟರ್ ನನ್ನ ಕಣ್ಣಿನಲ್ಲಿ ಉಳಿದೆರಡಕ್ಕಿಂತ ಮೇಲು. ಅದು ತೊಟ್ಟಿಯೊಳಗೇ ಇರುತ್ತದೆ. ಪಂಪು ನಿಂತರೂ ಸುತ್ತಲಿನ ಅಷ್ಟೂ ನೀರು ಅದಕ್ಕೆ ಆಸರೆ. ಚಿಕ್ಕ ಏರ್ ಪಂಪಿಗೆ 3ರಿಂದ 5 ವ್ಯಾಟ್ ಸಾಕಾಗುವುದರಿಂದ ಮನೆಯ ಇನ್ವರ್ಟರಿಗೆ ಅದು ಲೆಕ್ಕಕ್ಕೇ ಬಾರದ ಭಾರ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಕೊಳವೆಯಲ್ಲೊಂದು ಚೆಕ್ ವಾಲ್ವ್ ಹಾಕಲೇಬೇಕು, ಇಲ್ಲವಾದರೆ ಕರೆಂಟು ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ. ನೋಡಲು ಅಂದವಿಲ್ಲ, ಗುಳುಗುಳು ಸದ್ದಿದೆ, ನೀರನ್ನು ಕ್ಯಾನಿಸ್ಟರಿನಷ್ಟು ತಿಳಿಯಾಗಿಸುವುದಿಲ್ಲ. ಗಪ್ಪಿ, ಟೆಟ್ರಾ, ಮೊಲ್ಲಿಗಳಿರುವ ಚಿಕ್ಕ ತೊಟ್ಟಿಗೆ ಇದೊಂದೇ ಸಾಕು. ದೊಡ್ಡ ತೊಟ್ಟಿಯಲ್ಲಿ, ಅದರಲ್ಲೂ ಪಶ್ಚಿಮ ಘಟ್ಟದ ಹರಿಯುವ ಹೊಳೆಗಳಿಂದ ಬಂದ ಮಿಸ್ ಕೇರಳದಂತಹ, ಆಮ್ಲಜನಕ ಹೆಚ್ಚು ಬೇಕಾದ ಮೀನುಗಳಿದ್ದರೆ, ಕ್ಯಾನಿಸ್ಟರಿನ ಜೊತೆಗೆ ಇನ್ವರ್ಟರ್ ಲೈನಿನಲ್ಲಿ ಒಂದು ಸ್ಪಂಜ್ ಫಿಲ್ಟರನ್ನೂ ನಡೆಸುವುದು ನನ್ನ ಪದ್ಧತಿ. ಕರೆಂಟಿಲ್ಲದ ದಿನ ಮೀನಿಗೆ ಆಹಾರ ಹಾಕುವುದಿಲ್ಲ. ಒಂದೆರಡು ದಿನ ಉಪವಾಸವಿದ್ದರೆ ಬೆಳೆದ ಮೀನಿಗೆ ಏನೂ ಆಗುವುದಿಲ್ಲ, ಅಮೋನಿಯಾ ಮಾತ್ರ ಕಡಿಮೆಯಾಗುತ್ತದೆ.

ತೊಳೆಯುವ ನೀರಿನ ವಿಷಯಕ್ಕೆ ಬಂದರೆ, ಒಂದೇ ಬಗೆಯ ಸ್ಪಂಜುಗಳನ್ನು ಬೇರೆ ಬೇರೆ ನೀರಿನಲ್ಲಿ ತೊಳೆದು ನೋಡಿದ್ದೇನೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಹಿಂಡಿದಾಗ ಯಾವ ಏರುಪೇರೂ ಕಾಣಲಿಲ್ಲ. ನಲ್ಲಿಯ ಕಾವೇರಿ ನೀರಿನ ಕೆಳಗೆ ಬಿಳುಪಾಗುವವರೆಗೆ ತಿಕ್ಕಿದಾಗ ಮರುದಿನ ಅಮೋನಿಯಾ ಲೀಟರಿಗೆ 0.25 ಮಿಲಿಗ್ರಾಂ ತೋರಿಸುವ ಬಣ್ಣಕ್ಕೆ ಏರಿತ್ತು. ಅದೇ ನಲ್ಲಿ ನೀರಿನಲ್ಲಿ ಒಮ್ಮೆ ಹಗುರವಾಗಿ ಜಾಲಿಸಿದಾಗ ಮಾತ್ರ ಏನೂ ಬದಲಾಗಲಿಲ್ಲ. ಬ್ಯಾಕ್ಟೀರಿಯಾಗಳ ಲೋಳೆಯೇ ಅವುಗಳಿಗೆ ಒಂದಿಷ್ಟು ರಕ್ಷಣೆ ಕೊಡುವುದರಿಂದ ಹೀಗಾಗುತ್ತದೆ. ಆದರೆ ನಲ್ಲಿಯಲ್ಲಿ ಕ್ಲೋರಿನ್ ಪ್ರಮಾಣ ದಿನದಿನಕ್ಕೆ ಬದಲಾಗುವುದರಿಂದ ಅದನ್ನು ನಂಬಿ ಕೂರಲು ನನಗೆ ಮನಸ್ಸಿಲ್ಲ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ ಎಂದು ಹಲವರು ಧೈರ್ಯವಾಗಿರುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಸಂಪ್ ತೊಳೆದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿಯಿದೆ, ಟ್ಯಾಂಕರ್ ನೀರಿನಲ್ಲಿಯೂ ಅದು ಇರಬಹುದು.

ಕ್ಲೋರಿನ್ ತೆಗೆಯುವುದಕ್ಕೆ ಎರಡು ದಾರಿಗಳು. ಅಗಲವಾದ ಬಕೆಟ್ಟಿನಲ್ಲಿ ನೀರು ಹಿಡಿದು ಏರ್ ಪಂಪ್ ಹಾಕಿ ಒಂದು ದಿನ ಬಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಖರ್ಚಿಲ್ಲ, ಆದರೆ ಜಾಗ ಬೇಕು, ಮುಂದಾಲೋಚನೆಯೂ ಬೇಕು. ನಲ್ಲಿ ನೀರಿಗೆ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ರಾಸಾಯನಿಕ) ಬಳಸುವ ಊರುಗಳಲ್ಲಿರುವ ಕನ್ನಡಿಗರಿಗೆ ಈ ದಾರಿ ಆಗದು, ಏಕೆಂದರೆ ಅದು ಹಾಗೆ ಆರುವುದಿಲ್ಲ. ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಎಂದು ಕೊಡುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ. ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ನಾನು ವಾರದ ನೀರಿಗೆ ಬಕೆಟ್ಟನ್ನೂ ತುರ್ತಿಗೆ ಹೈಪೋವನ್ನೂ ನೆಚ್ಚಿಕೊಂಡಿದ್ದೇನೆ.

ಔಷಧಿಗಳಲ್ಲಿ ಮೆಥಿಲೀನ್ ಬ್ಲೂ ಮತ್ತು ಎರಿತ್ರೋಮೈಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳು ಈ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಡಬಲ್ಲವು. ಅವನ್ನು ಮುಖ್ಯ ತೊಟ್ಟಿಗೆ ಹಾಕಲೇಬಾರದು. ಕಾಯಿಲೆಯ ಮೀನನ್ನು ಬೇರೆ ಟಬ್ಬಿಗೆ ಸಾಗಿಸಿ, ಅಲ್ಲಿ ಫಿಲ್ಟರನ್ನು ನಂಬದೆ ದಿನವೂ ನೀರು ಬದಲಿಸುವುದೇ ಸರಿ. ಲೀಟರಿಗೆ 1–2 ಗ್ರಾಂ ಉಪ್ಪಿನಿಂದ ನನ್ನ ಯಾವ ಫಿಲ್ಟರಿಗೂ ತೊಂದರೆಯಾಗಿಲ್ಲ.

ಇನ್ನು ಸೀಸೆಯಲ್ಲಿ ಮಾರುವ ಬ್ಯಾಕ್ಟೀರಿಯಾ. ಕೆಲವು ಸೀಸೆಗಳಿಂದ ಹೊಸ ತೊಟ್ಟಿ ಬೇಗ ಹದಕ್ಕೆ ಬಂದದ್ದನ್ನು ಕಂಡಿದ್ದೇನೆ, ಕೆಲವಕ್ಕೂ ಬರೀ ನೀರಿಗೂ ವ್ಯತ್ಯಾಸವೇ ತೋರಲಿಲ್ಲ. ಬಿಸಿಲಿನಲ್ಲಿ ಸಾಗಿ, ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಸೀಸೆಯೊಳಗೆ ಏನು ಬದುಕಿದೆ ಎಂದು ಹೊರಗಿನಿಂದ ಹೇಳಲಾಗದು. ಆರೋಗ್ಯವಾಗಿರುವ ತೊಟ್ಟಿಯ ಹಳೆಯ ಸ್ಪಂಜಿನಲ್ಲಿ ಆ ಅನುಮಾನವಿಲ್ಲ. ಅದಕ್ಕಾಗಿಯೇ ಪ್ರತಿ ತೊಟ್ಟಿಯಲ್ಲಿಯೂ ಒಂದು ಹೆಚ್ಚುವರಿ ಸ್ಪಂಜು ಬೆಳೆಸಿಟ್ಟಿರುತ್ತೇನೆ. ಸ್ನೇಹಿತರಿಗೆ ಕೊಡುವಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ ಮುಳುಗಿಸುವುದಿಲ್ಲ. ಒದ್ದೆಯಾಗಿರುವಷ್ಟೇ ನೀರು, ಉಳಿದಂತೆ ಗಾಳಿ ತುಂಬಿ ಕಟ್ಟಿ, ನೆರಳಿನಲ್ಲಿ ಒಯ್ದು ಅದೇ ದಿನ ಫಿಲ್ಟರಿಗೆ ಹಾಕಲು ಹೇಳುತ್ತೇನೆ.