ನೀಲಿ ಟಿಪ್, ಹಾಲಿನ ಟಿಪ್, ಪದರದ ಟಿಪ್: ನಾಲ್ಕು ತಿಂಗಳು ಹಾಕಿ ನೋಡಿದೆ

ನನ್ನ ಅಂಗಡಿ ಬಳ್ಳಾರಿಯ ಕೌಲ್ ಬಜಾರ್ ಕಡೆ. ಒಂದು ಸಣ್ಣ ಲೇತ್, ಒಂದು ವೈಸ್, ಮೂಲೆಯಲ್ಲಿ ಸ್ನೂಕರ್ ಆಡುವ ಕೋಲುಗಳ, ಅಂದರೆ ಕ್ಯೂಗಳ ಕಟ್ಟು. ಮೊದಲು ಮಂಚದ ಕಾಲು, ಲಟ್ಟಣಿಗೆ ಕಡೆಯುತ್ತಿದ್ದೆ. ಈಗ ಸ್ನೂಕರ್, ಪೂಲ್ ಕ್ಯೂ ರಿಪೇರಿಯೇ ಜಾಸ್ತಿ. ಅದರಲ್ಲೂ ಟಿಪ್, ಅಂದರೆ ಚೆಂಡಿಗೆ ತಾಗುವ ತುದಿಯ ತೊಗಲಿನ ಬಿಲ್ಲೆ, ಬದಲಿಸುವ ಕೆಲಸವೇ ಮುಕ್ಕಾಲು ಪಾಲು. ಬಂದವರೆಲ್ಲ ಕೇಳುವುದು ಒಂದೇ: ‘ಅಣ್ಣಾ, ಪದರದ್ದು ಹಾಕಿಸಲಾ, ನೀಲಿದೇ ಸಾಕಾ?’

ಬಾಯಿಮಾತಲ್ಲಿ ಹೇಳಿ ಹೇಳಿ ನನಗೂ ಬೇಜಾರಾಗಿತ್ತು. ಫೆಬ್ರವರಿಯಲ್ಲಿ ಪರಿಚಯದ ಸ್ನೂಕರ್ ಪಾರ್ಲರ್ ಒಂದರಿಂದ ಒಂದೇ ತರದ ಮೂರು ಕ್ಯೂ ತಂದೆ. ಮೂರೂ ಆಶ್ ಮರದ್ದು, ತುದಿಗೆ ಟಿಪ್ ಕೂರುವ ಹಿತ್ತಾಳೆ ಬಳೆ, ಅಂದರೆ ಫೆರೂಲ್. ಒಂದಕ್ಕೆ ಸಾದಾ ನೀಲಿ ಟಿಪ್. ಇನ್ನೊಂದಕ್ಕೆ ಅದೇ ನೀಲಿ ಟಿಪ್ಪನ್ನು ಹಾಲಲ್ಲಿ ನೆನೆಸಿ ಒತ್ತಿ ಹಾಕಿದೆ. ಮೂರನೆಯದಕ್ಕೆ ಪದರದ ಟಿಪ್. ಎಲ್ಲವೂ 10 ಮಿಲಿಮೀಟರ್. ಬದಿಗೆ ಕಪ್ಪು ಮಾರ್ಕರ್ ಬಳಿದುಬಿಟ್ಟೆ. ಟಿಪ್ ಜಾರದಿರಲಿ ಅಂತ ಹಚ್ಚುವ ಚಾಕ್ ಬಿದ್ದಮೇಲೆ ಯಾವುದು ಯಾವುದೆಂದು ಆಡುವ ಹುಡುಗರಿಗೆ ಗೊತ್ತಾಗಬಾರದು, ಅಲ್ವಾ? ಮೇ ಮುಗಿಯುವವರೆಗೂ ಆಡಿಸಿದೆವು.

ನೀಲಿ ಟಿಪ್ ಅಂದರೆ ಒಂದೇ ತುಂಡು ತೊಗಲನ್ನು ಒತ್ತಿ ಮಾಡಿದ್ದು. ಅಗ್ಗ. ಆದರೆ ಒಂದೇ ಡಬ್ಬಿಯಲ್ಲಿ ಒಂದು ಮೆತ್ತಗೆ, ಇನ್ನೊಂದು ಗಟ್ಟಿ. ಅದಕ್ಕೇ ನಾನು ಆರಿಸದೆ ಹಾಕುವುದಿಲ್ಲ. ಟೇಬಲ್ ಮೇಲೊಂದು ಕಡಪಾ ಕಲ್ಲಿದೆ. ಒಂದೊಂದೇ ಟಿಪ್ಪನ್ನು ಗೇಣೆತ್ತರದಿಂದ ಅದರ ಮೇಲೆ ಬಿಡುತ್ತೇನೆ. ‘ಟಕ್’ ಅಂದರೆ ಗಟ್ಟಿ, ‘ದಪ್’ ಅಂದರೆ ಮೆತ್ತಗೆ. ಪಕ್ಕದ ವೆಲ್ಡಿಂಗ್ ಅಂಗಡಿ ಸದ್ದು ನಿಂತಮೇಲೆ, ರಾತ್ರಿ ಎಂಟರ ನಂತರ ಕೂತು ಮಾಡುವ ಕೆಲಸ ಇದು. ‘ಟಕ್’ ಅನ್ನುವವು ಸಾದಾ ಹಾಕಲು, ‘ದಪ್’ ಅನ್ನುವವು ಹಾಲಿಗೆ.

ಆರಿಸಿ ಹಾಕಿದರೂ ಸಾದಾ ಟಿಪ್ ವಾರದೊಳಗೆ ಅಣಬೆ ತರ ಅಂಚು ಬಿಟ್ಟಿತು. ಬ್ಲೇಡ್ ಹಿಡಿದು ಸವರಿದೆ. ಮತ್ತೆ ಬಿಟ್ಟಿತು. ನಾಲ್ಕು ತಿಂಗಳಲ್ಲಿ ಮೂರು ಸಲ ಹೊಸದು ಹಾಕಬೇಕಾಯಿತು. ಹೊಡೆತ ಮಾತ್ರ ಮೃದು. ಹೊಸದಾಗಿ ಕಲಿಯುವವರಿಗೆ ಮಿಸ್‌ಕ್ಯೂ, ಅಂದರೆ ಟಿಪ್ ಚೆಂಡಿನ ಮೇಲೆ ಜಾರುವುದು, ಕಡಿಮೆ.

ಹಾಲಿನ ಟಿಪ್ ನನ್ನ ಕಂಡುಹಿಡಿತ ಅಲ್ಲ, ಅಮೆರಿಕದ ಪೂಲ್ ಕ್ಯೂ ಮಾಡುವವರ ಹಳೇ ಉಪಾಯ. ಒಂದು ರಾತ್ರಿ, ಒಂದು ಹಗಲು ಹಾಲಲ್ಲಿ ಮುಳುಗಿಸಿಡಬೇಕು. ತೆಗೆದು ಒರೆಸಿ, ಎರಡು ಕಬ್ಬಿಣದ ಪಟ್ಟಿ ನಡುವೆ ಇಟ್ಟು ವೈಸ್‌ನಲ್ಲಿ ಬಿಗಿಯಬೇಕು. ದಪ್ಪ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಳ್ಳಾರಿ ಬಿಸಿಲಿಗೆ ಮರುದಿನವೇ ಒಣಗಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಬರೀ ನೀರಲ್ಲಿ ನೆನೆಸಿ ಒತ್ತಿಯೂ ನೋಡಿದೆ. ವಾರ ಸರಿಯಿತ್ತು, ಆಮೇಲೆ ಮೊದಲಿನಂತೆ ಸಡಿಲ. ಹಾಲಿನಲ್ಲಿರುವ ಕೇಸಿನ್‌ನಿಂದ ಹಿಂದೆ ಬಡಿಗೆ ಕೆಲಸಕ್ಕೆ ಅಂಟು ಮಾಡುತ್ತಿದ್ದರು. ಇಲ್ಲೂ ಅದೇ ನಾರುಗಳನ್ನು ಹಿಡಿದಿಡುತ್ತದೆ ಅಂತ ನನ್ನ ಲೆಕ್ಕ. ಈ ಟಿಪ್ಪನ್ನು ಒಂದೇ ಸಲ ಬದಲಿಸಿದೆ. ಒಂದು ತೊಂದರೆ, ಚಾಕ್ ಹಿಡಿಯುವುದು ಕಡಿಮೆ. ಎರಡು ಮೂರು ಹೊಡೆತಕ್ಕೊಮ್ಮೆ ಹಚ್ಚಿಕೊಳ್ಳಬೇಕು. ಇನ್ನೊಂದು ತೊಂದರೆ ಮನೆಯದು. ನಾನು ನೆನೆಸಿದ್ದು ಅವ್ವ ಹೆಪ್ಪು ಹಾಕುವ ಬಟ್ಟಲಿನಲ್ಲಿ. ಅವತ್ತು ಆಕೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಈ ನಡುವೆ ಒಬ್ಬ ಗೆಳೆಯ, ‘ಜೀನ್ಸ್ ಊರಲ್ಲಿದ್ದುಕೊಂಡು ಹೊರಗಿನ ತೊಗಲು ಯಾಕೆ?’ ಅಂತ ಸೊಂಟಪಟ್ಟಿ ಮೇಲೆ ಹೊಲಿಯುವ ಲೇಬಲ್ ತುಂಡು ಒಂದು ಹಿಡಿ ತಂದುಕೊಟ್ಟ. ಸುಮ್ನೆ ಅಂಟಿಸಿ ಅಂಟಿಸಿ ಪದರ ಕಟ್ಟಿದೆ. ಲೇತ್‌ಗೆ ಹಿಡಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಅದು ತೊಗಲೇ ಅಲ್ಲ, ರೆಕ್ಸಿನ್.

ಪದರದ ಟಿಪ್‌ನಲ್ಲಿ ತೆಳು ತೊಗಲಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ. ಹೆಸರಾದವು ಜಪಾನಿನವು, ಹೆಚ್ಚಾಗಿ ಹಂದಿ ತೊಗಲು. ಸಾಫ್ಟ್, ಮೀಡಿಯಂ, ಹಾರ್ಡ್ ಅಂತ ಬೇರೆ ಬೇರೆ ಸಿಗುತ್ತವೆ, ಕಲ್ಲಿನ ಮೇಲೆ ಬೀಳಿಸಿ ಕೇಳುವ ಕೆಲಸವಿಲ್ಲ. ಒಂದರ ದುಡ್ಡಿಗೆ ಹೆಚ್ಚೂಕಡಿಮೆ ಒಂದು ಡಬ್ಬಿ ನೀಲಿ ಟಿಪ್ ಬರುತ್ತದೆ. ನಾಲ್ಕು ತಿಂಗಳೂ ಅದೇ ಟಿಪ್ ಇತ್ತು. ಅಂಚು ಬಿಡಲಿಲ್ಲ. ಬಿಳಿ ಚೆಂಡು ಹಿಂದಕ್ಕೆ ಬರಲಿ ಅಂತ ಸ್ಕ್ರೂ ಹೊಡೆದರೆ ಅದು ಹೇಳಿದ ಮಾತು ಕೇಳಿತು. ಹಾಕುವಾಗ ಮಾತ್ರ ಹುಷಾರು. ಲೇತ್ ಜೋರಾಗಿ ತಿರುಗಿಸಿ ಒರಟು ಉಪ್ಪುಕಾಗದ ಒತ್ತಿದರೆ ಕಾವಿಗೆ ಪದರ ಬಿಡುತ್ತದೆ. ನನ್ನದೇ ಕೈಯಲ್ಲಿ ಮೊದಲನೆಯದು ಹಾಗೆ ಹಾಳಾಯಿತು. ಅವತ್ತಿನ ದುಡಿಮೆ ಅದಕ್ಕೇ ಹೋಯಿತು.

ಆದರೂ ಏಪ್ರಿಲ್‌ನಲ್ಲಿ ಹುಡುಗರು ಹೆಚ್ಚು ಬೈದದ್ದು ಈ ಕ್ಯೂವನ್ನೇ. ‘ಅಣ್ಣಾ, ಇದು ಸತ್ತೋಗಿದೆ, ಕೈಗೆ ಏನೂ ಗೊತ್ತಾಗಲ್ಲ.’ ಹಾರ್ಡ್ ತರಬೇಕಿತ್ತೇನೋ, ಮೀಡಿಯಂ ತಂದು ಕೆಟ್ಟೆ ಅಂದುಕೊಂಡೆ. ತುದಿಯನ್ನು ಕಿವಿ ಹತ್ತಿರ ಹಿಡಿದು ಉಗುರಿನಿಂದ ಬಡಿದೆ. ‘ಟಿಕ್’ ಅಂತ ಸಣ್ಣ ಸದ್ದು. ಟಿಪ್ ಸರಿಯಾಗೇ ಇತ್ತು. ಫೆರೂಲ್ ಅಲ್ಲಾಡುತ್ತಿತ್ತು! ಪಾರ್ಲರ್‌ನವರು ಆ ಕ್ಯೂವನ್ನು ಬಿಸಿಲು ಬೀಳುವ ಕಿಟಕಿ ಪಕ್ಕ ನಿಲ್ಲಿಸುತ್ತಿದ್ದರು. ಹೊರಗೆ 40 ಡಿಗ್ರಿ ದಾಟಿತ್ತು. ಮರ ಒಣಗಿ ಸುತ್ತಳತೆ ಕುಗ್ಗಿದೆ, ಹಿತ್ತಾಳೆ ಇದ್ದಷ್ಟೇ ಇದೆ. ಫೆರೂಲ್ ಬಿಚ್ಚಿ, ಒಳಗಿನ ಹಳೇ ಅಂಟು ಕೆರೆದು, ಎರಡು ಟ್ಯೂಬ್ ಕಲಸುವ ಎಪಾಕ್ಸಿ ಹಾಕಿ ಕೂರಿಸಿದೆ. ಅದೇ ಟಿಪ್ಪನ್ನೇ ಮತ್ತೆ ಹಾಕಿದೆ. ಮರುವಾರ ಅದೇ ಹುಡುಗರು ಆ ಕ್ಯೂಗಾಗಿ ಜಗಳ ಆಡುತ್ತಿದ್ದರು.

ಅಂದಿನಿಂದ ಯಾರು ಟಿಪ್ ಕೇಳಿಕೊಂಡು ಬಂದರೂ ಮೊದಲು ಉಗುರಿನಿಂದ ಬಡಿದು ನೋಡುತ್ತೇನೆ.

ಗಮ್ ವಿಷಯ ಬೇಗ ಹೇಳಿಬಿಡುತ್ತೇನೆ. ನೀರಿನಂತೆ ತೆಳ್ಳಗಿರುವ ಕ್ವಿಕ್ ಗಮ್ ಬೇಡ. ತೊಗಲು ಅದನ್ನು ಕುಡಿದು ತಳ ಕಲ್ಲಾಗುತ್ತದೆ, ಆಮೇಲೆ ಒಂದು ಜೋರು ಹೊಡೆತಕ್ಕೆ ಟಿಪ್ ಹಾರುತ್ತದೆ. ಜೆಲ್ ತರದ್ದು ಹಾಕಿ. ಅದಕ್ಕೂ ಮೊದಲು ಹಿತ್ತಾಳೆಯ ಮುಖವನ್ನು ಅರದಿಂದ ಸ್ವಲ್ಪ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ. ಚಾಕ್ ಪುಡಿ, ಬೆರಳಿನ ಜಿಡ್ಡು ಇದ್ದರೆ ಯಾವ ಗಮ್ಮೂ ಹಿಡಿಯಲ್ಲ. ಒಣಗಿದ ಮೇಲೆ ಒಂದು ರೂಪಾಯಿ ನಾಣ್ಯದ ಅಂಚನ್ನು ಪಕ್ಕಕ್ಕಿಟ್ಟು ನೋಡಿ, ಟಿಪ್‌ನ ಗುಂಡು ಅದಕ್ಕೆ ಹೊಂದಿದರೆ ಸಾಕು.

ಯಾರಿಗೆ ಯಾವುದು? ದಿನಕ್ಕೆ ಮೂವತ್ತು ಕೈ ಬದಲಾಗುವ ಪಾರ್ಲರ್ ಕ್ಯೂಗೆ ಪದರದ್ದು ಹಾಕುವುದು ದುಡ್ಡು ಸುರಿದಂತೆ. ಅಲ್ಲಿಗೆ ಹಾಲಿನದೇ ಸರಿ. ಕಲಿಯುವವರಿಗೆ ‘ಟಕ್’ ಅನ್ನುವ ಸಾದಾ ನೀಲಿ. ಸ್ವಂತ ಕ್ಯೂ ಇದ್ದು, ವಾರಕ್ಕೆ ನಾಲ್ಕು ದಿನ ಆಡುವವರು ಪದರದ್ದು ಹಾಕಿಸಲಿ. ಆದರೆ ಕ್ಯೂವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಬಂದು, ಟಿಪ್ ಸರಿಯಿಲ್ಲ ಅಂತ ನನ್ನ ಮೇಲೆ ರೇಗಬೇಡಿ.

ನಿನ್ನೆ ಪಾರ್ಲರ್‌ನವರು ಇನ್ನೂ ಹನ್ನೆರಡು ಹಾಲಿನ ಟಿಪ್ ಕೇಳಿದ್ದಾರೆ. ಬರುವಾಗ ಒಂದು ಸ್ಟೀಲ್ ಬಟ್ಟಲು ಬೇರೆ ತಂದೆ.