ಲಂಡನ್ನಿನಲ್ಲಿ ರೂಮ್ ಹುಡುಕುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ‘ಲೈಸೆನ್ಸ್ ಇದೆ’ ಅಂದ ಮಾತ್ರಕ್ಕೆ ನಂಬಬೇಡಿ

ಸೆಪ್ಟೆಂಬರ್‌ಗೆ ಓದಲು ಬರುವವರು ಈಗ ರೂಮ್ ಹುಡುಕುತ್ತಿರುತ್ತೀರಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬರೆಯೋಕೆ ನಾಚಿಕೆ ಆಗ್ತಿದೆ. ಮೂರು ವರ್ಷಕ್ಕೂ ಮೇಲಾಯ್ತು, ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಅಪ್ಪನಿಗೂ ಅರ್ಧ ಮಾತ್ರ ಗೊತ್ತು. ಆದರೆ ಹೋದ ವಾರ ಒಂದು ಫೋಟೋ ನೋಡಿದೆ. ಅದನ್ನು ನೋಡಿದಮೇಲೆ ಸುಮ್ಮನಿರೋಕೆ ಆಗಲಿಲ್ಲ. ಆ ಫೋಟೋ ವಿಷಯಕ್ಕೆ ಆಮೇಲೆ ಬರ್ತೀನಿ.

2022ರ ಸೆಪ್ಟೆಂಬರ್‌ನಲ್ಲಿ ಎಂಎಸ್‌ಸಿ ಓದಲು ಬಂದೆ. ಊರು ಅರಸೀಕೆರೆ ಹತ್ತಿರ. ಎಜುಕೇಶನ್ ಲೋನ್ ಸಾಲದೆ ಅಪ್ಪ ತೆಂಗಿನ ತೋಟದ ಮೇಲೆ ಇನ್ನೊಂದು ಸಾಲ ಎತ್ತಿದ್ದರು. ರೂಮ್ ಸಿಗದೆ ಹನ್ನೊಂದು ದಿನ ಸ್ನೇಹಿತೆಯ ಸ್ನೇಹಿತೆಯ ಮನೆಯ ಹಾಲ್‌ನಲ್ಲಿ ಮಲಗಿದ್ದೆ. ಆಗ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಈಸ್ಟ್ ಹ್ಯಾಮ್, ಸಿಂಗಲ್ ರೂಮ್, ತಿಂಗಳಿಗೆ 550 ಪೌಂಡ್, ಎಲ್ಲ ಬಿಲ್ ಸೇರಿ, ಕನ್ನಡದವರಿಗೆ ಆದ್ಯತೆ.

ಫೋನ್ ಮಾಡಿದರೆ ಆ ಕಡೆಯಿಂದ ನಮ್ಮ ಕಡೆಯದೇ ಕನ್ನಡ. ‘ಎಲ್ಲಾಯ್ತಮ್ಮ ನಿಮ್ಮೂರು? ಓ, ನಮ್ಮ ಅತ್ತೆ ಮನೆ ಬಾಣಾವರ ಕಣಮ್ಮ!’ ಅಷ್ಟೇ ಸಾಕಾಯ್ತು ನನಗೆ. ಆ ಹನ್ನೊಂದು ದಿನದಲ್ಲಿ ಅಮ್ಮನ ಬಿಟ್ಟರೆ ನನ್ನ ಹತ್ತಿರ ಹಾಗೆ ಮಾತಾಡಿದವರು ಯಾರೂ ಇರಲಿಲ್ಲ.

ನಾನು ಏನೂ ಕೇಳದೆ ದುಡ್ಡು ಕೊಟ್ಟೆ ಅಂದ್ಕೋಬೇಡಿ. ಕೇಳಿದೆ. ಈಸ್ಟ್ ಹ್ಯಾಮ್ ಸೇರಿರುವ ನ್ಯೂಹ್ಯಾಮ್‌ನಲ್ಲಿ ಮನೆ ಬಾಡಿಗೆಗೆ ಕೊಡೋಕೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಲೈಸೆನ್ಸ್ ಬೇಕು ಅಂತ ಸೀನಿಯರ್ ಒಬ್ಬರು ಹೇಳಿದ್ದರು. ಇಂಗ್ಲೆಂಡಿನಲ್ಲಿ ಮೊದಲು ಊರಿಡೀ ಅಂಥ ಲೈಸೆನ್ಸ್ ತಂದದ್ದೇ ಈ ನ್ಯೂಹ್ಯಾಮ್, 2013ರಲ್ಲಿ. ‘ಅಣ್ಣ, ಲೈಸೆನ್ಸ್ ಇದೆಯಾ?’ ಅಂದೆ. ಆತ ತಕ್ಷಣ ಮೊಬೈಲ್ ತೆಗೆದು ಪಿಡಿಎಫ್ ತೋರಿಸಿದ. ಕೌನ್ಸಿಲ್‌ನ ಗುರುತು, ಮನೆಯ ವಿಳಾಸ, ನಂಬರ್, ಮುಗಿಯುವ ತಾರೀಕು, ಎಲ್ಲಾ ಇತ್ತು. ‘ನೋಡಮ್ಮ, ಎಲ್ಲಾ ಪಕ್ಕಾ. ನೀನು ನನ್ನ ತಂಗಿ ಇದ್ದಂಗೆ, ನಿಂಗೆ ಮೋಸ ಮಾಡ್ತೀನಾ?’

ಪಿಡಿಎಫ್ ನಿಜದ್ದೇ. ಅಲ್ಲೇ ನಾನು ಮೋಸ ಹೋದದ್ದು. ಅದು ಸುಳ್ಳು ಕಾಗದವಲ್ಲ. ಆ ವಿಳಾಸಕ್ಕೆ ಕೌನ್ಸಿಲ್ ಕೊಟ್ಟ ಲೈಸೆನ್ಸೇ. ಆದರೆ ಎರಡನೇ ಪುಟದಲ್ಲಿ ಎಷ್ಟು ಜನ, ಎಷ್ಟು ಕುಟುಂಬ ಅಂತ ಬರೆದಿತ್ತು. ಒಂದೇ ಕುಟುಂಬ. ಆ ಪುಟವನ್ನು ಆತ ತೋರಿಸಲಿಲ್ಲ, ನಾನು ಕೇಳಲೂ ಇಲ್ಲ. ಆ ಮನೆಯಲ್ಲಿದ್ದದ್ದು ಏಳು ಜನ: ನಾನು, ಹುಬ್ಬಳ್ಳಿಯ ಒಬ್ಬಳು, ತೆಲುಗಿನವರು ಇಬ್ಬರು, ಕೇರಳದ ಒಬ್ಬ, ನೇಪಾಳದ ಇಬ್ಬರು. ಒಬ್ಬರಿಗೊಬ್ಬರು ಏನೂ ಆಗಬೇಕಾದವರಲ್ಲ. ಐದು ಅಥವಾ ಹೆಚ್ಚು ಜನ, ಎರಡು ಅಥವಾ ಹೆಚ್ಚು ಕುಟುಂಬದವರು ಅಡುಗೆಮನೆ ಬಚ್ಚಲು ಹಂಚಿಕೊಂಡು ಇದ್ದರೆ ಬೇರೆಯದೇ ಲೈಸೆನ್ಸ್ ಬೇಕು. ಅದಕ್ಕೆ ಎಚ್‌ಎಮ್‌ಒ ಲೈಸೆನ್ಸ್ ಅಂತಾರೆ, ಇಂಗ್ಲೆಂಡಿನ ಎಲ್ಲಾ ಊರಿಗೂ ಅದು ಕಡ್ಡಾಯ. ಅದು ಆ ಮನೆಗೆ ಇರಲೇ ಇಲ್ಲ.

ಡೆಪಾಸಿಟ್ ಮೂರು ತಿಂಗಳದ್ದು ಕೇಳಿದ, 1,650 ಪೌಂಡ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಕೇಳಿ ಬಂದ ನಮಗೆ ಮೂರು ತಿಂಗಳು ಅಂದರೆ ಕಡಿಮೆಯೇ ಅನ್ನಿಸುತ್ತೆ. ಅಪ್ಪನೂ ‘ಪರವಾಗಿಲ್ಲ ಮಗಳೇ, ಒಳ್ಳೆಯವನ ಥರ ಕಾಣ್ತಾನೆ’ ಅಂದರು. 2019ರಿಂದ ಇಲ್ಲಿ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ತಗೊಳ್ಳುವಂತಿಲ್ಲ. ನನ್ನ ಲೆಕ್ಕಕ್ಕೆ ಅದು 635 ಪೌಂಡ್ ಕೂಡ ಆಗಲ್ಲ. ತಗೊಂಡದ್ದನ್ನೂ 30 ದಿನದೊಳಗೆ ಸರ್ಕಾರ ಒಪ್ಪಿದ ಡೆಪಾಸಿಟ್ ಸ್ಕೀಮ್‌ನಲ್ಲಿ ಇಡಬೇಕು. ಅದರ ಕಾಗದ ನನಗೆ ಬರಲೇ ಇಲ್ಲ. ಕೇಳಿದ್ದಕ್ಕೆ ‘ಅದೆಲ್ಲಾ ಬಿಳಿಯರ ಏಜೆನ್ಸಿ ಮೂಲಕ ಹೋದರೆ ಕಣಮ್ಮ, ನಮ್ಮ ನಮ್ಮಲ್ಲಿ ಯಾಕೆ ಅದು’ ಅಂದ.

ನಮ್ಮ ನಮ್ಮಲ್ಲಿ! ಆ ಮಾತು ನೆನಪಾದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತೆ.

ನವೆಂಬರ್ ಹೊತ್ತಿಗೆ ನನ್ನ ಮಂಚದ ಹಿಂದಿನ ಗೋಡೆಗೆ ಬೂಷ್ಟು ಹಿಡಿಯಿತು. ಮೊದಲು ಮೂಲೆಯಲ್ಲಿ ಚುಕ್ಕೆ ಚುಕ್ಕೆ, ಆಮೇಲೆ ಕಿಟಕಿಯ ಸುತ್ತ ಕಪ್ಪಗೆ. ಸೂಟ್‌ಕೇಸ್‌ನಲ್ಲಿದ್ದ ಅಮ್ಮನ ರೇಷ್ಮೆ ಸೀರೆಗೂ ಹಿಡಿಯಿತು. ಬಾಯ್ಲರ್ ವಾರಕ್ಕೆ ಎರಡು ಸಲ ಕೈಕೊಡುತ್ತಿತ್ತು. ನನಗೆ ಕೆಮ್ಮು ಬಿಡಲಿಲ್ಲ. ಫೋಟೋ ತೆಗೆದು ಕಳಿಸಿದೆ. ಉತ್ತರ: ‘ನೀವು ಹುಡುಗೀರು ದಿನಾ ಅನ್ನ ಬೇಯಿಸ್ತೀರಿ, ಒಗ್ಗರಣೆ ಹಾಕ್ತೀರಿ, ಬಟ್ಟೆ ಒಳಗೆ ಒಣಗಿಸ್ತೀರಿ, ಕಿಟಕಿ ತೆಗೆಯಲ್ಲ. ಬೂಷ್ಟು ಬರದೆ ಇನ್ನೇನು ಬರುತ್ತೆ?’ ಇನ್ನೊಂದು ಸಲ ಕೇಳಿದ್ದಕ್ಕೆ ಒಂದು ಡಬ್ಬ ಪೇಂಟ್ ಬಾಗಿಲ ಹತ್ತಿರ ಇಟ್ಟು ಹೋದ. ನಾನೇ ಬಳಿದೆ. ಮೂರು ವಾರಕ್ಕೆ ಪೇಂಟ್ ಮೇಲೆ ಮತ್ತೆ ಬಂತು.

ನಾನು ಪೇಂಟ್ ಬಳಿದ ಅದೇ ತಿಂಗಳಲ್ಲಿ ರಾಚ್‌ಡೇಲ್‌ನ ಅವಾಬ್ ಇಶಾಕ್ ಎಂಬ ಮಗುವಿನ ಸಾವಿನ ವಿಚಾರಣೆಯ ತೀರ್ಪು ಬಂತು. ಎರಡೇ ವರ್ಷದ ಮಗು, 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತ್ತು. ಮನೆಯ ಬೂಷ್ಟಿನ ಗಾಳಿಯನ್ನೇ ಬಹಳ ಕಾಲ ಉಸಿರಾಡಿದ್ದರಿಂದ ಸತ್ತಿತು ಅಂತ ಕಾರೊನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಹೇಳಿದರು. ಆ ಅಪ್ಪನಿಗೂ ಮೊದಮೊದಲು ಪೇಂಟ್ ಬಳಿಯಿರಿ ಅಂತಲೇ ಹೇಳಿದ್ದರಂತೆ. ಬಸ್ಸಿನಲ್ಲಿ ಕೂತು ಮೊಬೈಲ್‌ನಲ್ಲಿ ಇದನ್ನು ಓದಿ ಕೈ ನಡುಗಿತು. ಆದರೂ ದೂರು ಕೊಡಲಿಲ್ಲ ನಾನು. ಯಾಕೆ ಅಂದರೆ ಅಷ್ಟರಲ್ಲಿ ಆತ ನಮ್ಮೆಲ್ಲರ ತಲೆಗೆ ಒಂದು ಭಯ ತುಂಬಿದ್ದ. ‘ಕೌನ್ಸಿಲ್‌ಗೆ ಹೇಳಿದ್ರೆ ಅವರು ಹೋಮ್ ಆಫೀಸ್‌ಗೆ ಹೇಳ್ತಾರೆ. ವೀಸಾ ಕ್ಯಾನ್ಸಲ್. ಆಮೇಲೆ ನಿಮ್ಮಪ್ಪನಿಗೆ ನೀನೇ ಹೇಳ್ಕೋ.’ ಶುದ್ಧ ಸುಳ್ಳು. ಗೋಡೆ ಸರಿಮಾಡಿಸಿ ಅಂತ ಕೇಳಿದ್ದಕ್ಕೆ ಯಾರ ಸ್ಟೂಡೆಂಟ್ ವೀಸಾವೂ ಹೋಗಲ್ಲ. ಆದರೆ ಅವತ್ತು ನಂಬಿದೆ.

ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದ. ಯಾರಾದರೂ ಬಂದು ಕೇಳಿದರೆ ‘ನಾವೆಲ್ಲಾ ಕಸಿನ್ಸ್’ ಅನ್ನಬೇಕು. ಸುಮ್ಮನೆ ಹೇಳಿದ್ದಲ್ಲ ಅದು. ಇಲ್ಲಿನ ಕಾನೂನಿನಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಅತ್ತೆ ಮಾವನ ಮಕ್ಕಳು, ಎಲ್ಲರೂ ಒಂದೇ ಕುಟುಂಬದ ಲೆಕ್ಕಕ್ಕೆ ಬರ್ತಾರೆ. ಆತನಿಗೆ ಕಾನೂನು ನಮಗಿಂತ ಚೆನ್ನಾಗಿ ಗೊತ್ತಿತ್ತು.

2023ರ ಜನವರಿ, ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಕೌನ್ಸಿಲ್‌ನ ಅಧಿಕಾರಿ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಜೊತೆಗೆ ಇನ್ನೊಬ್ಬರು. ಬಾಗಿಲು ತೆಗೆದವಳು ನಾನು. ಎಷ್ಟು ಜನ ಇದ್ದೀರಿ, ಏನಾಗಬೇಕು ಒಬ್ಬರಿಗೊಬ್ಬರು ಅಂತ ಕೇಳಿದರು. ನಾನು ‘ಕಸಿನ್ಸ್’ ಅಂದೆ. ನನ್ನ ಬಾಯಿಂದ, ನನಗೇ ಮೋಸ ಮಾಡುತ್ತಿದ್ದವನನ್ನು ಕಾಪಾಡೋಕೆ, ಸುಳ್ಳು ಹೇಳಿದೆ. ಆಕೆ ನಿಧಾನವಾಗಿ ‘ನಿಮ್ಮ ಅಜ್ಜಿ ಹೆಸರೇನು?’ ಅಂದರು. ಹೇಳಿದೆ. ಮೆಟ್ಟಿಲ ಮೇಲೆ ನಿಂತಿದ್ದ ಕೇರಳದ ಹುಡುಗನನ್ನೂ ಅದನ್ನೇ ಕೇಳಿದರು. ಅವನು ಅವನ ಅಜ್ಜಿಯ ಹೆಸರು ಹೇಳಿದ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆಕೆ ಪುಸ್ತಕ ಮುಚ್ಚಿ, ಲೈಸೆನ್ಸ್ ತಗೊಳ್ಳೋದು ಬಾಡಿಗೆಗೆ ಕೊಟ್ಟವರ ಕೆಲಸ, ನಿಮ್ಮದಲ್ಲ, ಇದರಿಂದ ನಿಮಗೆ ಏನೂ ತೊಂದರೆ ಆಗಲ್ಲ ಅಂದರು. ಗದರಿದ್ದರೆ ತಡ್ಕೋಬಹುದಿತ್ತು. ಅಷ್ಟು ಮೆತ್ತಗೆ ಹೇಳಿದರಲ್ಲ, ಅಲ್ಲೇ ಅಳು ಬಂತು.

ಲೇಸರ್ ಹಿಡಿದು ನನ್ನ ರೂಮ್ ಅಳೆದರು. 5.8 ಚದರ ಮೀಟರ್. ಎಚ್‌ಎಮ್‌ಒ ಲೈಸೆನ್ಸ್ ಬೇಕಾದ ಮನೆಯಲ್ಲಿ ದೊಡ್ಡವರೊಬ್ಬರು ಮಲಗುವ ರೂಮ್ 6.51ಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ ಅದು ರೂಮೇ ಅಲ್ಲ, ಸಾಮಾನಿನ ಕೋಣೆ. ಮೇಲಿನ ಅಂತಸ್ತಿನ ಸ್ಮೋಕ್ ಅಲಾರಂ ಒತ್ತಿದರು, ಸದ್ದಿಲ್ಲ. ಅಡುಗೆಮನೆಗೆ ಬೆಂಕಿ ತಡೆಯುವ ಬಾಗಿಲಿಲ್ಲ. ಗ್ಯಾಸ್ ಸೇಫ್ಟಿ ಸರ್ಟಿಫಿಕೇಟ್ ಪ್ರತಿ ವರ್ಷ ಮಾಡಿಸಬೇಕು, ನಮಗೆ ಅದರ ಒಂದು ಪ್ರತಿಯನ್ನೂ ಕೊಟ್ಟಿರಲಿಲ್ಲ. ರಾತ್ರಿ ಬೆಂಕಿ ಬಿದ್ದಿದ್ದರೆ ಏಳು ಜನರೂ ಒಳಗೇ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಮನೆಯ ಮಾಲೀಕರು ಬೇರೆಯವರು ಅಂತ ಅವತ್ತೇ ಗೊತ್ತಾದದ್ದು. ವಯಸ್ಸಾದ ಮನುಷ್ಯ. ‘ನಾನು ಒಂದು ಕಂಪನಿಗೆ ಕೊಟ್ಟಿದ್ದೆ, ಒಂದು ಫ್ಯಾಮಿಲಿ ಇರುತ್ತೆ ಅಂದಿದ್ದರು’ ಅಂತ ಅವರು. ‘ನಾನು ಬರೀ ಮ್ಯಾನೇಜರ್, ಓನರ್ ಅವರು, ಅವರನ್ನೇ ಕೇಳು’ ಅಂತ ಈತ. ಡೆಪಾಸಿಟ್ ಕೇಳಿ ಎಷ್ಟು ಮೆಸೇಜ್ ಹಾಕಿದೆನೋ ಲೆಕ್ಕವಿಲ್ಲ. ಮೊದಲು ‘ಊರಿಗೆ ಹೋಗಿದ್ದೀನಿ, ಬಂದು ಕೊಡ್ತೀನಿ’. ಆಮೇಲೆ ‘ಗೋಡೆ ಹಾಳು ಮಾಡಿದ್ದೀಯ, ಅದಕ್ಕೇ ಸರಿಹೋಯ್ತು’. ಬೂಷ್ಟು ಹಿಡಿದ ಗೋಡೆಯ ದುಡ್ಡೂ ನನ್ನ ತಲೆಗೇ! ಕೊನೆಗೆ ‘ನಮ್ಮೋರು ಅಂತ ರೂಮ್ ಕೊಟ್ಟಿದ್ದಕ್ಕೆ ನೀನೇ ಕೌನ್ಸಿಲ್ ಕರೆಸಿದೆ, ನಿನ್ನಂಥೋರಿಂದಲೇ ಕನ್ನಡಿಗರು ಉದ್ಧಾರ ಆಗಲ್ಲ’. ಕರೆಸಿದ್ದು ನಾನಲ್ಲ. ಈಗ ಅನ್ನಿಸುತ್ತೆ, ನಾನೇ ಕರೆಸಬೇಕಿತ್ತು, ನವೆಂಬರ್‌ನಲ್ಲೇ.

ಲೈಸೆನ್ಸ್ ಇಲ್ಲದ ಮನೆಗೆ ಕೊಟ್ಟ ಬಾಡಿಗೆಯನ್ನು, ಆಗಿನ ಲೆಕ್ಕಕ್ಕೆ 12 ತಿಂಗಳವರೆಗಿನದ್ದನ್ನು, ಟ್ರಿಬ್ಯೂನಲ್‌ನಲ್ಲಿ ವಾಪಸ್ ಕೇಳಬಹುದು. ಓಡಾಡಿದೆ. ಆದರೆ 2023ರ ಮಾರ್ಚ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆ ದುಡ್ಡನ್ನು ನೇರವಾಗಿ ನಮ್ಮಿಂದ ಬಾಡಿಗೆ ತಗೊಂಡವರ ಹತ್ತಿರ ಮಾತ್ರ ಕೇಳಬಹುದು, ಅವರ ಮೇಲಿನ ಮಾಲೀಕನ ಹತ್ತಿರ ಆಗಲ್ಲ ಅಂದಿತ್ತು. ನನ್ನಿಂದ ತಗೊಂಡದ್ದು ಯಾರು? ಅಗ್ರಿಮೆಂಟ್‌ನಲ್ಲಿ, ಬ್ಯಾಂಕ್ ಖಾತೆಯಲ್ಲಿ ಇದ್ದದ್ದು ಆತನ ಹೆಸರಲ್ಲ, ಒಂದು ಕಂಪನಿ ಹೆಸರು. ಆ ಕಂಪನಿ ಮುಚ್ಚಿಹೋಗಿತ್ತು. ಆರು ತಿಂಗಳ ಬಾಡಿಗೆ, 1,650 ಡೆಪಾಸಿಟ್, ಎಲ್ಲಾ ನೀರಲ್ಲಿ ಹೋಮ. 2025ರ ಹೊಸ ಬಾಡಿಗೆದಾರರ ಕಾಯ್ದೆ ಮೇಲಿನ ಮಾಲೀಕನನ್ನೂ ಹಿಡಿಯೋಕೆ ದಾರಿ ಮಾಡಿದೆ, ಒಂದು ವರ್ಷದ ಬಾಡಿಗೆ ಅಂತ ಇದ್ದದ್ದನ್ನು ಎರಡು ವರ್ಷಕ್ಕೆ ಏರಿಸಿದೆ. ಒಳ್ಳೆಯದೇ. ನನ್ನ ಪಾಲಿಗೆ ತಡವಾಯ್ತು.

ಆದ್ದರಿಂದ ಕೇಳಿ. ಅವರು ತೋರಿಸುವ ಪಿಡಿಎಫ್ ನೋಡಬೇಡಿ, ಕೌನ್ಸಿಲ್‌ನ ಲೈಸೆನ್ಸ್ ರಿಜಿಸ್ಟರ್ ನೀವೇ ನೋಡಿ. ಅದು ಎಲ್ಲರೂ ನೋಡಬಹುದಾದ ದಾಖಲೆ. ಎಚ್‌ಎಮ್‌ಒ ಲೈಸೆನ್ಸಾ, ಎಷ್ಟು ಜನಕ್ಕೆ ಅನ್ನೋದನ್ನು ಓದಿ, ಆಮೇಲೆ ಮನೆಗೆ ಹೋದಾಗ ಬಾಗಿಲ ಹತ್ತಿರ ಚಪ್ಪಲಿ ಶೂ ಎಷ್ಟು ಜೊತೆ ಇವೆ ಅಂತ ಎಣಿಸಿ. ನಾನು ನೋಡಿದಾಗ ಹದಿನಾಲ್ಕು ಜೊತೆ ಇದ್ದವು, ನೋಡಿಯೂ ಯೋಚಿಸಲಿಲ್ಲ. ಕಂಪನಿ ಹೆಸರಿದ್ದರೆ ಕಂಪನಿಗಳ ಸರ್ಕಾರಿ ದಾಖಲೆ ಇರುವ ಕಂಪನೀಸ್ ಹೌಸ್‌ನಲ್ಲಿ ಹುಡುಕಿ, ಪುಕ್ಕಟೆ. ಮನೆ ಯಾರ ಹೆಸರಲ್ಲಿದೆ ಅಂತ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಕೊಟ್ಟರೆ ಗೊತ್ತಾಗುತ್ತೆ. ತೊಂದರೆ ಬಂದರೆ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್ ಅನ್ನೋ ನೆರವಿನ ಸಂಸ್ಥೆಗಳಿಗೆ ಫೋನ್ ಮಾಡಿ, ದುಡ್ಡು ಕೇಳಲ್ಲ, ವೀಸಾ ಕೇಳಿ ಹೆದರಿಸಲ್ಲ. ಮತ್ತೆ, ಯಾರು ಏನೇ ಹೇಳಿಕೊಟ್ಟರೂ ಅಧಿಕಾರಿಯ ಮುಂದೆ ಸುಳ್ಳು ಹೇಳಬೇಡಿ.

ಈಗ ಆ ಫೋಟೋ. ಹೋದ ವಾರ ತಂಗಿಯ ಗೆಳತಿಯೊಬ್ಬಳು ‘ಅಕ್ಕ, ಈ ರೂಮ್ ಹೇಗಿದೆ ನೋಡಿ ಹೇಳಿ’ ಅಂತ ಒಂದು ಜಾಹೀರಾತು ಕಳಿಸಿದಳು. ಈಸ್ಟ್ ಹ್ಯಾಮ್, ಸಿಂಗಲ್ ರೂಮ್, ಈಗ 700 ಪೌಂಡ್, ಕನ್ನಡದವರಿಗೆ ಆದ್ಯತೆ. ಗೋಡೆ ಬೆಳ್ಳಗಿದೆ. ಕಿಟಕಿಗೆ ಹಾಕಿರುವುದು ನೀಲಿ ಅಂಚಿನ ಹತ್ತಿ ಹೊದಿಕೆ. ಅದು ಅಮ್ಮ ಅರಸೀಕೆರೆ ಸಂತೆಯಲ್ಲಿ ಕೊಂಡು ನನ್ನ ಸೂಟ್‌ಕೇಸ್‌ಗೆ ತುರುಕಿದ್ದು. ಚಳಿ ತಡೆಯೋಕೆ ಕರ್ಟನ್ ಮಾಡಿ ಕಟ್ಟಿದ್ದೆ, ಬಿಡುವಾಗ ಬಿಚ್ಚಿಕೊಳ್ಳೋಕೆ ಆಗಿರಲಿಲ್ಲ. ಆ ಹೊದಿಕೆ ಕಂಡರೆ ಮುಂದೆ ಹೋಗಬೇಡಿ.